ಏಳು ವರ್ಷ ಮುಂದೂಡಿದ ಪರೀಕ್ಷೆ, ಸ್ಲೋ ಲೋಕಲ್‌ನಲ್ಲಿ ಓದಿ ಮುಗಿಸಿದ್ದು

ನಾನು ಬ್ಯಾಂಕ್ ಸೇರಿದ್ದು 2016ರಲ್ಲಿ. ಸೇರಿದ ವಾರಾನೇ ಸೀನಿಯರ್ ಒಬ್ರು ಹೇಳಿದ್ರು, ಜೆಎಐಐಬಿ (ಬ್ಯಾಂಕ್ ನೌಕರರು ಬರೆಯೋ ಪರೀಕ್ಷೆ) ಬೇಗ ಬರೆದು ಬಿಸಾಕ್ರಿ, ಇನ್‌ಕ್ರಿಮೆಂಟ್ ಯಾಕ್ ಬಿಡ್ತೀರಾ ಅಂತ. ಹೂಂ ಸರ್ ಅಂದೆ. ಆ ಹೂಂ ಏಳು ವರ್ಷ ನಡೀತು. ವರ್ಷಕ್ಕೆ ಎರಡು ಸಲ ಪರೀಕ್ಷೆ, ಪ್ರತಿ ಸಲ ಒಂದು ನೆಪ, ಮದುವೆ, ಟ್ರಾನ್ಸ್‌ಫರ್, ಮಗಳು ಹುಟ್ಟಿದ್ದು, ಆಮೇಲೆ ಕೊರೋನಾ. ಅಷ್ಟರಲ್ಲಿ 2023ಕ್ಕೆ ಸಿಲಬಸ್ ಬದಲಾಗಿ ಮೂರು ಪೇಪರ್ ಇದ್ದದ್ದು ನಾಲ್ಕಾಯ್ತು. ಕಂತು ಕಟ್ಟದೆ ಕೂತ್ರೆ ಬಡ್ಡಿ ಬೀಳುತ್ತೆ ಅಂತ ಕಸ್ಟಮರ್‌ಗಳಿಗೆ ದಿನಾ ಹೇಳೋನು ನಾನೇ, ನನಗೂ ಒಂದು ಪೇಪರ್ ಬಡ್ಡಿ ಬಿತ್ತು. ಇನ್ನೊಂದು ತಮಾಷೆ ಅಂದ್ರೆ ಪರೀಕ್ಷೆ ನಡೆಸೋ ಐಐಬಿಎಫ್ ಅನ್ನೋ ಸಂಸ್ಥೆಯ ಆಫೀಸ್ ಇರೋದೇ ಮುಂಬೈಯ ಕುರ್ಲಾದಲ್ಲಿ, ದಿನಾ ಎರಡು ಸಲ ಆ ಸ್ಟೇಷನ್ ದಾಟ್ತಿದ್ದೆ.

ನಮ್ಮನೆ ಡೋಂಬಿವಲಿ ಈಸ್ಟ್, ಬ್ರಾಂಚ್ ಫೋರ್ಟ್‌ನಲ್ಲಿ. ಎಂಟೂವರೆ ಸುಮಾರಿಗೆ ಫಾಸ್ಟ್, ಅಂದ್ರೆ ಕೆಲವೇ ಸ್ಟೇಷನಲ್ಲಿ ನಿಲ್ಲೋ ಲೋಕಲ್ ಹಿಡಿದು ಒಂದೇ ಕಾಲ ಮೇಲೆ ನಿಂತು ಲೈನಿನ ಕೊನೇ ಸ್ಟೇಷನ್ ಸಿಎಸ್‌ಎಂಟಿಗೆ ಹೋಗೋದು, ಸಂಜೆ ಅದೇ ಸರ್ಕಸ್. ಓದೋದೆಲ್ಲ ಭಾನುವಾರ ಅಂತ ಇಟ್ಕೊಂಡಿದ್ದೆ. ಭಾನುವಾರ ಬೆಳಗ್ಗೆಯಿಂದ ಒಟ್ಟು ಆರು ಗಂಟೆ ಹೊತ್ತು ಓದ್ತೀನಿ ಅನ್ನೋದು ಲೆಕ್ಕ. ಒಂದ್ಸಲ ಮಾತ್ರ ನಾಲ್ಕು ಭಾನುವಾರ ಗಡಿಯಾರ ನೋಡಿ ಡೈರೀಲಿ ಬರೆದೆ, ನಿಜವಾಗಿ ಎಷ್ಟು ಓದಿದೆ ಅಂತ. ಎಲ್ಲಾ ಸೇರಿ ಒಂದು ಗಂಟೆ ನಲವತ್ತು ನಿಮಿಷ. ನೀರು ಬರೋ ಟೈಮು, ಮಾರ್ಕೆಟ್ಟು, ಬಂದ ನೆಂಟರು, ಮಧ್ಯಾಹ್ನದ ಊಟ ಆದ್ಮೇಲಿನ ನಿದ್ದೆ. ಭಾನುವಾರ ಅನ್ನೋದು ನನ್ನ ಹತ್ರ ಇರ್ಲೇ ಇಲ್ಲ, ಇಲ್ಲದ ದುಡ್ಡಿಗೆ ಚೆಕ್ ಬರೀತಿದ್ದೆ.

ಇರೋ ಟೈಮು ಯಾವುದು ಅಂದ್ರೆ ಗಾಡೀಲಿ ಕಳೆಯೋದು. ಆದ್ರೆ ಫಾಸ್ಟ್‌ನಲ್ಲಿ ಪುಸ್ತಕ ಬಿಡಿ, ಮೂಗು ಕೆರೆಯೋಕೂ ಕೈ ಎತ್ತಕ್ಕಾಗಲ್ಲ. ಅದಕ್ಕೆ ಒಂದು ಗಂಟೆ ಮುಂಚೆ ಮನೆ ಬಿಟ್ಟು, ಡೋಂಬಿವಲಿಯಿಂದಲೇ ಹೊರಡೋ ಸ್ಲೋ ಲೋಕಲ್ ಹಿಡಿಯೋಕೆ ಶುರು ಮಾಡಿದೆ, ಅದ್ರಲ್ಲಿ ಸೀಟ್ ಸಿಗುತ್ತೆ. ಸ್ಲೋ ಅಂದ್ರೆ ಇಪ್ಪತ್ತಕ್ಕೂ ಹೆಚ್ಚು ಸ್ಟೇಷನ್, ಒಂದೂಕಾಲು ಗಂಟೆ ಮೇಲೆ. ಹೆಂಡತಿ ಕೇಳಿದ್ಳು, ಎಲ್ರೂ ಬೇಗ ಹೋಗೋ ಗಾಡಿ ಹುಡುಕಿದ್ರೆ ನೀವೇನ್ರೀ ನಿಧಾನ ಹೋಗೋದು ಹುಡುಕ್ತೀರಾ ಅಂತ.

ಸೀಟ್ ಸಿಕ್ಕಿದ ತಕ್ಷಣ ಓದಿದೆ ಅಂದ್ಕೊಬೇಡಿ. ಮೊದಲ ಹದಿನೈದು ದಿನ ಪುಸ್ತಕ ಬ್ಯಾಗಲ್ಲೇ, ಮೊಬೈಲ್ ಕೈಯಲ್ಲಿ. ಥಾಣೆಯಲ್ಲಿ ಹತ್ತಿ ಮೂವರು ಕೂರೋ ನಮ್ಮ ಬೆಂಚಲ್ಲಿ ಫೋರ್ತ್ ಸೀಟ್ ಅಂತ ನಾಲ್ಕನೆಯವರಾಗಿ ಅಂಚಲ್ಲಿ ಕೂರೋ ಶೆಟ್ರು ಒಬ್ರಿದ್ದಾರೆ, ಕುಂದಾಪುರ ಕಡೆಯವ್ರು, ಎಪ್ಪತ್ತು ದಾಟಿದೆ, ಮಗನ ಹೋಟೆಲಿಗೆ ಈಗ್ಲೂ ದಿನಾ ಹೋಗ್ತಾರೆ. ಒಂದಿನ ಕೇಳೇ ಬಿಟ್ರು, "ಎಂತ ಮಾರಾಯ್ರೆ, ದಿನಾ ಆ ದಪ್ಪ ಪುಸ್ತಕ ಹೊತ್ಕೊಂಡು ಬರ್ತೀರಿ, ಅದಕ್ಕೂ ಪಾಸ್ ಮಾಡ್ಸಿದ್ದೀರಾ?" ಅವ್ರು ಹುಡುಗ್ರಾಗಿದ್ದಾಗ ಹೋಟೆಲಲ್ಲಿ ಕಪ್ ತೊಳೆದು ಸಂಜೆ ಕನ್ನಡ ರಾತ್ರಿ ಶಾಲೆಗೆ ಓಡ್ತಿದ್ರಂತೆ, ಮುಂಬೈಗೆ ಬಂದ ಹೋಟೆಲ್ ಹುಡುಗ್ರು ಎಷ್ಟೋ ಜನ ಓದಿದ್ದು ಹಾಗೇ. ಉಪದೇಶ ಏನೂ ಮಾಡ್ಲಿಲ್ಲ, ಆದ್ರೆ ಅವತ್ತು ನಾಚಿಕೆ ಆಯ್ತು.

ಮಾರನೇ ದಿನ ಎರಡು ಕೆಲಸ ಮಾಡಿದೆ. ಝೆರಾಕ್ಸ್ ಅಂಗಡೀಲಿ ಪುಸ್ತಕದ ಬೈಂಡಿಂಗ್ ಬಿಚ್ಚಿಸಿ ಐದೈದು ಚಾಪ್ಟರ್‌ದು ತೆಳ್ಳಗೆ ಸ್ಪೈರಲ್ ಮಾಡಿಸ್ದೆ. ಪುಸ್ತಕ ಹರಿಯೋದು ಪಾಪ ಅಂತ ಅಮ್ಮ ಹೇಳಿಕೊಟ್ಟಿದ್ದು, ಕೈ ನಡುಗ್ತು, ಆದ್ರೂ ಮಾಡಿಸ್ದೆ. ಎರಡನೇದು, ಓದಬೇಕು ಅಂತ ತೀರ್ಮಾನ ಮಾಡೋದನ್ನೇ ಬಿಟ್ಟು ಸ್ಟೇಷನ್‌ಗೆ ಕಟ್ಟಿ ಹಾಕ್ದೆ. ದಿವಾದಲ್ಲಿ ರಶ್ ಒಳಗೆ ನುಗ್ಗುತ್ತೆ, ಆ ಗಲಾಟೆ ತಣ್ಣಗಾಗಿ ಗಾಡಿ ಮುಂಬ್ರಾ ಬಿಟ್ಟ ತಕ್ಷಣ ಸ್ಪೈರಲ್ ಕೈಗೆ ಬರ್ಬೇಕು, ಅಷ್ಟೇ ರೂಲು. ಹೀಗಾದಾಗ ಹೀಗೆ ಮಾಡ್ತೀನಿ ಅಂತ ಮೊದಲೇ ಗೊತ್ತು ಮಾಡ್ಕೊಂಡ್ರೆ ಕೆಲಸ ನಡೆಯೋದು ಜಾಸ್ತಿ ಅಂತ ಪೀಟರ್ ಗೋಲ್‌ವಿಟ್ಜರ್ ಅನ್ನೋ ಮನಶ್ಶಾಸ್ತ್ರಜ್ಞರು 1999ರಲ್ಲೇ ಬರೆದಿದ್ದಾರೆ, ನನಗೆ ಅದು ಗೊತ್ತಾಗಿದ್ದು ಪಾಸಾದ್ಮೇಲೆ. ಇಟಲಿಯ ಫ್ರಾನ್ಸೆಸ್ಕೊ ಚಿರಿಲ್ಲೊ ಟೊಮೆಟೊ ಆಕಾರದ ಅಡುಗೆಮನೆ ಟೈಮರ್ ಇಟ್ಕೊಂಡು 25 ನಿಮಿಷ ಕೆಲಸ, 5 ನಿಮಿಷ ಬಿಡುವು ಅಂತ ಮಾಡಿದ್ರಲ್ಲ, ಪೊಮೊಡೊರೊ ಅಂತಾರೆ, ನಾನು ಟೈಮರ್ ಇಡಕ್ಕೆ ಹೋಗಿ ಸೋತೆ, ಯಾಕಂದ್ರೆ ಟೈಮರ್ ಇರೋದು ಮೊಬೈಲಲ್ಲಿ, ಮೊಬೈಲ್ ತೆಗೆದ್ರೆ ವಾಟ್ಸಾಪ್. ಟೈಮರ್ ಬದಲು ಸ್ಟೇಷನ್ನೇ ಸಾಕಾಯ್ತು, ಥಾಣೆಯಿಂದ ಕುರ್ಲಾ ಹೆಚ್ಚುಕಡಿಮೆ ಆ 25 ನಿಮಿಷದಷ್ಟೇ ಹೊತ್ತು. ಕುರ್ಲಾ ಬಂದ್ರೆ ತಲೆ ಎತ್ತೋದು, ದಾದರ್‌ವರೆಗೆ ಕಿಟಕಿ ನೋಡೋದು, ಆಮೇಲೆ ಸಿಎಸ್‌ಎಂಟಿವರೆಗೆ ಓದಿದ್ದನ್ನೇ ಮನಸ್ಸಲ್ಲಿ ಕೇಳ್ಕೊಳ್ಳೋದು.

ಎರಡು ತಿಂಗಳು ಚೆನ್ನಾಗಿ ನಡೀತು ಅನ್ನೋವಾಗ ಗೊತ್ತಾಯ್ತು ನಾನಿನ್ನೂ ಮುಂದೂಡ್ತಾನೇ ಇದೀನಿ ಅಂತ. ನಾಲ್ಕರಲ್ಲಿ ಅಕೌಂಟಿಂಗ್ ಪೇಪರ್ ಅಂದ್ರೆ ನನಗೆ ಜ್ವರ. ನಾನು ಆರ್ಟ್ಸ್‌ನವ್ನು, ಬಾಂಡ್ ಈಲ್ಡು, ಡಿಪ್ರಿಸಿಯೇಷನ್ನು, ಬ್ಯಾಂಕ್ ರಿಕನ್ಸಿಲಿಯೇಷನ್ನು ಕಂಡ್ರೆ ಹೊಟ್ಟೆಯೊಳಗೆ ಏನೋ ತಿರುಗುತ್ತೆ. ಅದಕ್ಕೇ ಕೌಂಟರ್‌ನಲ್ಲಿ ದಿನಾ ಮಾಡೋ ಕೆವೈಸಿ ಚಾಪ್ಟರನ್ನೇ ಮೂರು ಸಲ ಓದಿದ್ದೆ, ಹೈಲೈಟರ್ ಹಾಕಿ ಹಾಕಿ. ದಿನಾ ಓದ್ತಿದೀನಲ್ಲ ಅಂತ ಸಮಾಧಾನ ಬೇರೆ. ಟೈಮ್ ಟೇಬಲ್ ಇದನ್ನ ಹಿಡಿಯಲ್ಲ, ಅದರ ಪ್ರಕಾರ ನಾನು ಜಾಣ. ಸೋಮಾರಿತನಕ್ಕಿಂತ ಇದು ಕೆಟ್ಟದ್ದು ಅಂತ ನನ್ನ ಅಭಿಪ್ರಾಯ, ಸೋಮಾರಿಗೆ ಕನಿಷ್ಠ ತಾನು ಸೋಮಾರಿ ಅಂತ ಗೊತ್ತಿರುತ್ತೆ.

ಅದಕ್ಕೆ ಮಾಡಿದ್ದು ಇಷ್ಟು. ಬೇಗ ಇಳೀತೀನಲ್ಲ, ಬ್ರಾಂಚ್ ಪಕ್ಕದ ಟಪರಿ (ಚಹಾದ ಗೂಡಂಗಡಿ) ಹತ್ರ ಹಳೇ ಸ್ಲಿಪ್ ಹಿಂದುಗಡೆ ಒಂದೇ ಒಂದು ಲೆಕ್ಕ, ಆಮೇಲೇ ಕಟಿಂಗ್, ಅಂದ್ರೆ ಅರ್ಧ ಲೋಟ ಚಹಾ. ಎರಡು ಬೇಡ, ಒಂದೇ. ತಪ್ಪಾದ್ರೂ ಚಹಾ ಸಿಗುತ್ತೆ, ಬಿಟ್ರೆ ಇಲ್ಲ. ಮೊದಲ ವಾರ ಐದರಲ್ಲಿ ನಾಲ್ಕು ತಪ್ಪು. ಮೂರನೇ ವಾರಕ್ಕೆ ಚಹಾದವನೇ ಕೇಳೋನು, ಸಾಹೇಬ್ ಝಾಲಾ ಕಾ, ಆಯ್ತಾ ಸಾಹೇಬ್ರೆ ಅಂತ. ಲೆಕ್ಕ ಅಷ್ಟೇನೂ ಕಷ್ಟ ಇರ್ಲಿಲ್ಲ, ಪೆನ್ನು ಕಾಗದಕ್ಕೆ ಮುಟ್ಟೋವರೆಗಿನ ಆ ಎರಡು ನಿಮಿಷ ಇತ್ತಲ್ಲ, ಅದೇ ಕಷ್ಟ.

ಪ್ಲಾನ್ ಮಾತ್ರ ಪೂರ್ತಿ ಉಲ್ಟಾ ಆಯ್ತು. ಹತ್ತು ವಾರ ಸಾಕು ಅಂತ ಹಾಕಿದ್ದೆ. ಜುಲೈನಲ್ಲಿ ಒಂದಿನ ಕುರ್ಲಾ ಸಯನ್ ಮಧ್ಯೆ ಟ್ರ್ಯಾಕ್ ಮೇಲೆ ನೀರು ನಿಂತು ಮೂರು ಗಂಟೆ ಗಾಡೀಲೇ ಸಿಕ್ಕಿಹಾಕ್ಕೊಂಡೆ, ಆಹಾ ಎಷ್ಟು ಓದಬಹುದಿತ್ತು, ಒಂದಕ್ಷರ ಓದ್ಲಿಲ್ಲ. ಗಣಪತಿ ವಾರ ಪುಸ್ತಕ ಮುಟ್ಟೋ ಮಾತೇ ಇಲ್ಲ. ಮನುಷ್ಯರು ತಮ್ಮ ಕೆಲಸಕ್ಕೆ ಬೇಕಾದ ಹೊತ್ತನ್ನ ಕಡಿಮೆ ಅಂದಾಜು ಮಾಡ್ತಾರೆ ಅಂತ ಕಾನಮನ್, ಟ್ವರ್ಸ್ಕಿ ಅನ್ನೋ ಮನಶ್ಶಾಸ್ತ್ರಜ್ಞರು 1979ರಲ್ಲಿ ಹೇಳಿದ್ದು ನನ್ನ ಡೈರಿ ನೋಡೇ ಬರೆದಂಗಿದೆ. ಎರಡು ದಿನ ಅಂತ ಬರೆದ ಚಾಪ್ಟರ್‌ಗೆಲ್ಲ ನಾಲ್ಕೈದು ದಿನ ಹಿಡಿದಿತ್ತು. ಆಮೇಲಿಂದ ನನಗೆ ತೋಚಿದ್ದನ್ನ ಸೀದಾ ಎರಡರಿಂದ ಗುಣಿಸಿ ಬರೀತೀನಿ, ಆವಾಗ ವಾರದ ಕೊನೇಲಿ ಬೇಜಾರಾಗಲ್ಲ, ಬೇಜಾರಾಗ್ದಿದ್ರೆ ಸೋಮವಾರ ಮತ್ತೆ ಪುಸ್ತಕ ತೆಗೀತೀನಿ.

ಮೊದಲ ಸಲ ಮೂರು ಪೇಪರ್ ಆಯ್ತು, ಅಕೌಂಟಿಂಗ್ 41ಕ್ಕೆ ನಿಂತ್ಕೊಳ್ತು, ಪಾಸಿಗೆ 50 ಬೇಕು. ಪಾಸಾದ ಪೇಪರ್ ಮತ್ತೆ ಬರೀಬೇಕಿಲ್ಲ ಅನ್ನೋದೊಂದು ಪುಣ್ಯ. ಇನ್ನೂ ಆರು ತಿಂಗಳು ಟಪರಿ ಲೆಕ್ಕ ನಡೀತು, ಎರಡನೇ ಸಲ 54.

ರಿಸಲ್ಟ್ ಬಂದ ಮಾರನೇ ದಿನ ಶೆಟ್ರಿಗೆ ಪೇಡಾ ಕೊಟ್ಟೆ. ಬಾಯಿಗೆ ಹಾಕ್ಕೊಂಡು, "ಪಾಸಾಯ್ತಲ್ಲ ಮಾರಾಯ್ರೆ, ಇನ್ನಾದ್ರೂ ಆ ಮೊಣಕೈ ಮಡಚಿ, ನಂಗೆ ಕೂರ್ಲಿಕ್ಕೆ ಸ್ವಲ್ಪ ಜಾಗ ಬಿಡಿ" ಅಂದ್ರು. ಮುಂದಿನ ಹಂತದ ಪರೀಕ್ಷೆ ಸಿಎಐಐಬಿಯ ಸ್ಪೈರಲ್ ಬ್ಯಾಗಲ್ಲಿತ್ತು, ಗಾಡಿ ಮುಲುಂಡ್ ದಾಟೋವರೆಗೂ ತೆಗೀಲಿಲ್ಲ.