ಇದು ನಿಜವಾದ ಹಳೇ ಕಂಟ್ರಿನಾ? ಕಿವೀಲೇ ಗುರ್ತು ಹಿಡಿಯೋದು ಹೇಗೆ

ನಮ್ಮಲ್ಲಿ ಕಂಟ್ರಿ ಮ್ಯೂಸಿಕ್, ಅಂದ್ರೆ ಅಮೆರಿಕದ ಹಳ್ಳಿಗಾಡಿನ ಹಾಡು, ಅಂದ್ರೆ ತುಂಬಾ ಜನಕ್ಕೆ ತಕ್ಷಣ ನೆನಪಾಗೋದು ಜಾನ್ ಡೆನ್ವರ್, ಬೆಂಗಳೂರಲ್ಲಿ ಗಿಟಾರ್ ಹಿಡ್ದೋರು ಯಾರಾದ್ರೂ ಇದ್ರೆ ಕಾಲೇಜ್ ಫೆಸ್ಟಾಗ್ಲಿ ಟ್ರೆಕ್ಕಾಗ್ಲಿ ಅವ್ರ "ಕಂಟ್ರಿ ರೋಡ್ಸ್" ಹಾಡು ಬಂದೇ ಬರತ್ತೆ. ಆದ್ರೆ ಇದೇ ಡೆನ್ವರ್‌ಗೆ 1975ರಲ್ಲಿ ಕಂಟ್ರಿಯ ದೊಡ್ಡ ಪ್ರಶಸ್ತಿ ಬಂದಾಗ, ಹೆಸರು ಓದ್ಬೇಕಿದ್ದ ಗಾಯಕ ಚಾರ್ಲಿ ರಿಚ್ ಸ್ಟೇಜ್ ಮೇಲೇ ಲೈಟರ್ ತೆಗ್ದು ಆ ಹೆಸರಿದ್ದ ಕಾಗದಕ್ಕೆ ಬೆಂಕಿ ಹಚ್ಚಿಬಿಟ್ರು. ಡೆನ್ವರ್ ಅಸಲಿ ಕಂಟ್ರಿ ಅಲ್ಲ ಅನ್ನೋ ಸಿಟ್ಟಿಗಾ, ಬೇರೆ ಕಾರಣಕ್ಕಾ ಅಂತ ಇವತ್ತಿಗೂ ವಾದ ಇದೆ, ಆದ್ರೆ "ಯಾವ್ದು ಅಸಲಿ ಕಂಟ್ರಿ" ಅನ್ನೋ ಜಗಳ ಅಲ್ಲಿ ಎಷ್ಟು ಹಳೇದು ಅನ್ನೋದಂತೂ ಅದ್ರಲ್ಲಿ ಕಾಣತ್ತೆ. 2025ರಲ್ಲಿ ಗ್ರ್ಯಾಮಿಯವ್ರು ಕೂಡ ಕಂಟ್ರಿ ಆಲ್ಬಮ್ ಪ್ರಶಸ್ತೀನ ಎರಡು ಮಾಡಿದ್ರು, ಸಾಂಪ್ರದಾಯಿಕ ಕಂಟ್ರಿಗೇ ಒಂದು, ಈಗಿನ ಕಂಟ್ರಿಗೆ ಇನ್ನೊಂದು.

ಹಾಗಿದ್ರೆ ಒಂದು ಹಾಡು ಬಂದಾಗ ಅದು ಯಾವ ಕಡೇದು ಅಂತ ತಿಳ್ಕೊಳ್ಳೋದು ಹೇಗೆ? ನಾನು ಹೇಳೋದು ಇಷ್ಟೇ, ಟೋಪಿ, ಬೂಟು, ಕುದುರೆ, ಟ್ರಕ್ಕು ಇದ್ಯಾವ್ದನ್ನೂ ನೋಡ್ಬೇಡಿ, ಫೋನ್ ಸ್ಕ್ರೀನ್ ಆಫ್ ಮಾಡಿ ಕೇಳಿ. ಬೇಕಾದ್ದೆಲ್ಲ ಕಿವಿಗೇ ಸಿಗತ್ತೆ.

ಮೊದ್ಲು ಗಿಟಾರ್ ಹಿಡೀರಿ, ಅದ್ರಲ್ಲೂ ಕೆಳಗಿನ ಸ್ವರದ ದಪ್ಪ ತಂತಿಗಳನ್ನ. ಇಲ್ಲಿ ಸ್ವಲ್ಪ ಇತಿಹಾಸ ಬೇಕು. 1927ರ ಬೇಸಿಗೇಲಿ ರಾಲ್ಫ್ ಪೀರ್ ಅನ್ನೋರು ವಿಕ್ಟರ್ ಕಂಪನಿ ಪರವಾಗಿ ಬ್ರಿಸ್ಟಲ್ ಅನ್ನೋ ಊರಿಗೆ ರೆಕಾರ್ಡಿಂಗ್ ಮಷೀನ್ ತಗೊಂಡು ಬಂದ್ರು. ಟೆನೆಸ್ಸೀ ಮತ್ತೆ ವರ್ಜೀನಿಯಾ ರಾಜ್ಯಗಳ ಗಡಿ ಆ ಊರಿನ ಮೇನ್ ರೋಡ್ ಮಧ್ಯದಲ್ಲೇ ಹೋಗತ್ತೆ. ಬೆಟ್ಟದ ಕಡೆಯಿಂದ ಹಾಡೋಕೆ ಬಂದೋರಲ್ಲಿ ಕಾರ್ಟರ್ ಫ್ಯಾಮಿಲಿನೂ ಇದ್ರು, ಎ.ಪಿ. ಕಾರ್ಟರ್, ಅವ್ರ ಹೆಂಡ್ತಿ ಸಾರಾ, ತಮ್ಮನ ಹೆಂಡ್ತಿ ಮೇಬೆಲ್. ಮೇಬೆಲ್‌ಗೆ ಆಗಿನ್ನೂ 18 ವರ್ಷ. ಅವ್ರ ಗಿಟಾರ್ ಗಮನಿಸಿ, ಹೆಬ್ಬೆರಳು ದಪ್ಪ ತಂತಿಗಳ ಮೇಲೆ ಹಾಡಿನ ರಾಗಾನೇ ನುಡಿಸ್ತಾ ಹೋಗತ್ತೆ, ಎರಡು ಸ್ವರದ ಮಧ್ಯ ಸಿಗೋ ಜಾಗದಲ್ಲಿ ಬೆರಳು ಸಣ್ಣ ತಂತಿಗಳನ್ನ ಸರ್ರಂತ ಸವರಿ ತಾಳ ಹಾಕತ್ತೆ. ಒಬ್ರೇ ನುಡಿಸ್ತಿದ್ರೂ ಇಬ್ರು ಕೂತಿದಾರೆ ಅನ್ಸತ್ತೆ. ಅದಕ್ಕೆ ಮುಂಚೆ ಗಿಟಾರ್ ಹೆಚ್ಚಾಗಿ ಹಿಂದೆ ತಾಳ ಹಿಡಿಯೋ ವಾದ್ಯ, ಇವ್ರ ಕೈಲಿ ಅದು ಮುಂದೆ ಬಂದು ನಿಲ್ತು. ಈ "ಧುಮ್-ಚಿಕ್, ಧುಮ್-ಚಿಕ್" ನಡಿಗೆ ಒಂದು ಸಲ ಕಿವಿಗೆ ಬಿದ್ರೆ ಆಮೇಲೆ ನೂರು ಹಳೇ ಹಾಡಲ್ಲಿ ಅದೇ ಸಿಗತ್ತೆ.

ಕಾರ್ಡ್ಸ್, ಅಂದ್ರೆ ಒಟ್ಟಿಗೆ ನುಡಿಸೋ ಸ್ವರಗಳ ಗುಂಪು, ಅದ್ರ ಬಗ್ಗೆ ಜಾಸ್ತಿ ತಲೆ ಕೆಡಿಸ್ಕೋಬೇಡಿ, ಹೆಚ್ಚಿನ ಹಾಡಿಗೆ ಮೂರೇ. ಜಿ ಶ್ರುತಿ ಅಂದ್ರೆ ಜಿ, ಸಿ, ಡಿ. ಸಂಗೀತ ಕಲ್ತೋರಿಗೆ ಹೇಳೋದಾದ್ರೆ ಷಡ್ಜ, ಮಧ್ಯಮ, ಪಂಚಮದ ಮೇಲೆ ನಿಂತ ಮೂರು ಕಾರ್ಡು, ಮೇಜರ್ ಸ್ಕೇಲ್ ಅಂದ್ರೆ ಹೆಚ್ಚುಕಮ್ಮಿ ನಮ್ಮ ಶಂಕರಾಭರಣದ ಸ್ವರಗಳೇ, ಹಾಗಾಗಿ ಟ್ಯೂನ್ ಎರಡೇ ಸಲಕ್ಕೆ ಬಾಯಿಗೆ ಬರತ್ತೆ. ಇಷ್ಟು ಸರಳ ಇರೋದು ಬೇಕು ಅಂತಾನೇ, ಟ್ಯೂನ್ ಕಡೆ ಗಮನ ಹೋಗದೆ ಮಾತಿನ ಕಡೆ ಹೋಗ್ಲಿ ಅಂತ.

ಆಮೇಲೆ ಫಿಡಲ್. ಅದು ವಯಲಿನ್ನೇ, ಬೇರೆ ವಾದ್ಯ ಅಲ್ಲ, ಮೈಸೂರು ಚೌಡಯ್ಯನವ್ರ ಊರಿನೋರಿಗೆ ಅದನ್ನ ಪರಿಚಯ ಮಾಡ್ಕೊಡೋ ಅಗತ್ಯ ಇಲ್ಲ. ಆದ್ರೆ ಸ್ಕಾಟ್ಲೆಂಡ್, ಐರ್ಲೆಂಡ್ ಕಡೆಯಿಂದ ಬಂದ ಕುಣಿತದ ಟ್ಯೂನ್‌ಗಳು ಈ ಕಂಟ್ರಿ ಫಿಡಲ್ ವಾದಕರ ಕೈಲಿ ಬೆಳ್ದಿದ್ದು, ಅದಕ್ಕೇ ಬಿಲ್ಲು ಎರಡು ತಂತಿ ಮೇಲೆ ಒಟ್ಟಿಗೆ ಓಡತ್ತೆ, ಒಂದ್ರಲ್ಲಿ ರಾಗ, ಪಕ್ಕದ್ದು ಶ್ರುತಿ ಹಿಡ್ದಂಗೆ ಗುಂಯ್ ಅಂತಿರತ್ತೆ. ಬ್ಯಾಂಜೋ ಬಂದಿದ್ದು ಆಫ್ರಿಕಾದಿಂದ, ಗುಲಾಮರಾಗಿ ಎಳ್ಕೊಂಡು ಬಂದ ಜನ ಸೋರೆಬುರುಡೆಗೆ ಚರ್ಮ ಬಿಗಿದು ಮಾಡ್ತಿದ್ದ ವಾದ್ಯ ಅದ್ರ ಮೂಲ. ಇದನ್ನ ಒತ್ತಿ ಹೇಳ್ತೀನಿ, ಯಾಕಂದ್ರೆ ಹಳೇ ಕಂಟ್ರಿ ಅಂದ್ರೆ ಬರೀ ಬಿಳಿಯರ ಸಂಗೀತ ಅಂತ ಎಷ್ಟೋ ಜನ ಅಂದ್ಕೊಂಡಿದಾರೆ. ಎ.ಪಿ. ಕಾರ್ಟರ್ ಅವ್ರ ಜೊತೆ ಊರೂರು ಸುತ್ತಿ ಹಾಡು ಹುಡುಕೋಕೆ ನೆರವಾದ ಲೆಸ್ಲಿ ರಿಡಲ್ ಕಪ್ಪು ಗಿಟಾರ್ ವಾದಕ. ಮುಂದೆ ಕಂಟ್ರಿಯ ದೊಡ್ಡ ಗಾಯಕನಾದ ಹ್ಯಾಂಕ್ ವಿಲಿಯಮ್ಸ್‌ಗೆ ಚಿಕ್ಕ ಹುಡುಗನಾಗಿದ್ದಾಗ ಹೇಳ್ಕೊಟ್ಟ ರೂಫಸ್ ಪೇಯ್ನ್ ಅಲಬಾಮಾದ ಬೀದೀಲಿ ಹಾಡ್ತಿದ್ದ ಕಪ್ಪು ಕಲಾವಿದ. 1925ರಲ್ಲಿ, ಮುಂದೆ ಕಂಟ್ರಿಯ ರಾಜಧಾನಿ ಆದ ನ್ಯಾಶ್‌ವಿಲ್‌ನಲ್ಲಿ ಶುರುವಾದ ರೇಡಿಯೋ ಶೋ ಗ್ರ್ಯಾಂಡ್ ಓಲ್ ಆಪ್ರಿಯ ಮೊದಲ ಸ್ಟಾರ್‌ಗಳಲ್ಲಿ ಒಬ್ರು ಹಾರ್ಮೋನಿಕಾ ನುಡಿಸ್ತಿದ್ದ ಡಿಫೋರ್ಡ್ ಬೇಯ್ಲಿ, ಅವ್ರೂ ಕಪ್ಪು ಜನಾಂಗದವ್ರೇ. ಇವ್ರನ್ನೆಲ್ಲ ಬಿಟ್ಟು "ಸಂಪ್ರದಾಯ" ಅಂದ್ರೆ ಆ ಮಾತು ಸುಳ್ಳು.

ಈಗ ನಂಗೆ ತುಂಬಾ ಇಷ್ಟದ ಭಾಗ, ಸ್ಟೀಲ್ ಗಿಟಾರ್. ಒಂದೇ ಒಂದು ಗುರ್ತು ಹೇಳಿ ಅಂದ್ರೆ ನಾನು ಇದನ್ನೇ ಹೇಳೋದು. ಇದು ಹವಾಯಿ ದ್ವೀಪದಿಂದ ಬಂದಿದ್ದು, ಗಿಟಾರನ್ನ ಮಲಗ್ಸಿ ತಂತಿ ಮೇಲೆ ಕಬ್ಬಿಣದ ತುಂಡು ಜಾರ್ಸಿ ನುಡಿಸೋ ಪದ್ಧತಿ. ಸ್ವರದಿಂದ ಸ್ವರಕ್ಕೆ ಹಾರೋದಿಲ್ಲ, ಜಾರತ್ತೆ, ಗಮಕ ಕೇಳಿ ಬೆಳ್ದ ಕಿವಿಗೆ ಇದು ತಕ್ಷಣ ಹತ್ರ ಆಗತ್ತೆ. ಇದೇ ಹವಾಯಿಯನ್ ಗಿಟಾರ್ ಭಾರತಕ್ಕೂ ಬಂತು, ವಿಶ್ವಮೋಹನ್ ಭಟ್ ಅವ್ರು ಅದ್ರ ದಾರೀಲೇ ಮೋಹನ ವೀಣೆ ಮಾಡಿದ್ದು, ಅಮೆರಿಕದ ರೈ ಕೂಡರ್ ಜೊತೆ ಅವ್ರು ಮಾಡಿದ 1993ರ ಆಲ್ಬಮ್‌ಗೆ ಗ್ರ್ಯಾಮಿ ಕೂಡ ಬಂತು. ಕಂಟ್ರಿ ಕಡೇಲಿ ಆಗಿದ್ದು ಬೇರೆ, ಅವ್ರು ಅದಕ್ಕೆ ಪೆಡಲ್ ಸೇರ್ಸಿದ್ರು, ಅಂದ್ರೆ ಕಾಲಲ್ಲಿ ಒತ್ತಿ ತಂತಿಯ ಸ್ವರ ಬದಲಿಸೋ ವ್ಯವಸ್ಥೆ. 1954ರಲ್ಲಿ ವೆಬ್ ಪಿಯರ್ಸ್ ಅವ್ರ ಒಂದು ಹಿಟ್ ಹಾಡಲ್ಲಿ ಬಡ್ ಐಸಾಕ್ಸ್ ನುಡಿಸ್ತಾ ನುಡಿಸ್ತಾನೇ ಪೆಡಲ್ ಒತ್ತಿದ್ರು, ಕಾರ್ಡಿನ ಒಂದು ಸ್ವರ ಅಲ್ಲೇ ನಿಂತಿರತ್ತೆ, ಪಕ್ಕದ್ದು ಮಾತ್ರ ಮೆಲ್ಲಗೆ ಮೇಲಕ್ಕೇರತ್ತೆ, ಒಳಗೇ ಏನೋ ಕದಲಿದಂಗೆ. ಅದನ್ನ ಕೇಳಿ ನ್ಯಾಶ್‌ವಿಲ್‌ನ ಸ್ಟೀಲ್ ವಾದಕರೆಲ್ಲ ತಮ್ಮ ವಾದ್ಯಕ್ಕೂ ಪೆಡಲ್ ಹಾಕ್ಸೋಕೆ ಓಡಿದ್ರು. ಜನ "ಅಳು" ಅಂತ ಕರೆಯೋ ಆ ಸದ್ದು ಹುಟ್ಟೋದು ಇಲ್ಲೇ.

ಧ್ವನಿ ಹೇಗಿರ್ಬೇಕು? ಮುಂದೆ ಇರ್ಬೇಕು, ಸ್ವಲ್ಪ ಮೂಗಿನ ಕಡೆಯಿಂದ ಬರತ್ತೆ, ಹಾಡೋರು ತಮ್ಮೂರಿನ ಉಚ್ಚಾರಣೆ ಮುಚ್ಚಿಡಲ್ಲ, ಒಂದೊಂದು ಕಡೆ ಧ್ವನಿ ಮುರಿಯತ್ತೆ. ಆ ಮುರಿಯೋದನ್ನೇ ಕಲೆ ಮಾಡಿದ್ದು ಜಿಮ್ಮಿ ರಾಜರ್ಸ್, ಮಿಸಿಸಿಪ್ಪಿಯ ರೈಲ್ವೆ ಕೆಲಸಗಾರ, ಅವ್ರ ಮೊದಲ ರೆಕಾರ್ಡಿಂಗ್ ಕೂಡ ಅದೇ ಬ್ರಿಸ್ಟಲ್‌ನಲ್ಲಿ. ಬ್ಲೂಸ್, ಅಂದ್ರೆ ಕಪ್ಪು ಜನರ ನೋವಿನ ಹಾಡು, ಹಾಡ್ತಾ ಸಾಲಿನ ಕೊನೇಲಿ ಯೋಡಲ್ ಮಾಡ್ತಿದ್ರು, ನಮ್ಮಲ್ಲಿ ಕಿಶೋರ್ ಕುಮಾರ್ ಹಾಡಲ್ಲಿ ಕೇಳಿರ್ತೀರಲ್ಲ, ಹಾಗೆ. ಟಿಬಿ ಇತ್ತು, 1933ರಲ್ಲಿ ನ್ಯೂಯಾರ್ಕಲ್ಲಿ ಕೊನೇ ರೆಕಾರ್ಡಿಂಗ್ ಮಾಡುವಾಗ ಒಂದು ಹಾಡು ಮುಗ್ಸಿ ಮಂಚದ ಮೇಲೆ ಮಲಗಿ ಸುಧಾರ್ಸ್ಕೊಂಡು ಇನ್ನೊಂದಕ್ಕೆ ಏಳ್ತಿದ್ರು, ಅದಾದ ಎರಡು ದಿನಕ್ಕೆ ಹೋಗ್ಬಿಟ್ರು, ಆಗ ಅವ್ರಿಗೆ 35 ವರ್ಷ.

ಸಾಹಿತ್ಯದ ವಿಷಯಕ್ಕೆ ಬಂದ್ರೆ, ಈಗಿನ ಎಷ್ಟೋ ಹಾಡುಗಳು ಹಳ್ಳಿ, ಬಿಯರ್, ಮಣ್ಣಿನ ರಸ್ತೆ ಅಂತ ಹೆಸರು ಹೇಳ್ಕೊಂಡು ಹೋಗತ್ತೆ, ಆದ್ರೆ ಹಾಡಲ್ಲಿ ಯಾರಿಗೂ ಏನೂ ಆಗೋದೇ ಇಲ್ಲ. ಹಳೇ ಹಾಡಲ್ಲಿ ಒಬ್ಬ ಮನುಷ್ಯ ಇರ್ತಾನೆ, ಅವನಿಗೆ ಏನೋ ಆಗಿರತ್ತೆ. ಹ್ಯಾಂಕ್ ವಿಲಿಯಮ್ಸ್ 1949ರಲ್ಲಿ ಒಂಟಿತನದ ಮೇಲೆ ಹಾಡಿದ "ಐ ಆಮ್ ಸೋ ಲೋನ್‌ಸಮ್ ಐ ಕುಡ್ ಕ್ರೈ" ತಗೊಳ್ಳಿ. ಮೂರು ಎಣಿಕೆಯ ವಾಲ್ಟ್ಸ್ ನಡೆ, ಬೇರೆ ಕೋರಸ್ ಅಂತ ಇಲ್ಲ, ಪ್ರತಿ ಚರಣ ಅದೇ ಒಂದು ಸಾಲಿಗೆ ಬಂದು ನಿಲ್ಲತ್ತೆ. ಚರಣದಲ್ಲಿ ಇರೋದು ರಾತ್ರಿ ಕೂಗೋ ಹಕ್ಕಿ, ದೂರದ ರೈಲು, ಮೋಡದ ಹಿಂದೆ ಹೋಗೋ ಚಂದ್ರ ಅಷ್ಟೇ, ಯಾರು ಬಿಟ್ಟು ಹೋದ್ರು, ಯಾಕೆ ಹೋದ್ರು ಅನ್ನೋ ವಿವರಕ್ಕೆ ಅವ್ರು ಹೋಗೋದೇ ಇಲ್ಲ, ಆದ್ರೂ ಕೇಳೋರ ಗಂಟಲು ಕಟ್ಟತ್ತೆ. ಹೆಂಗಸರ ಕಡೆಯಿಂದ ಕೇಳ್ಬೇಕು ಅಂದ್ರೆ ಕಿಟ್ಟಿ ವೆಲ್ಸ್. ಗಂಡಸರು ಹಾಡಿದ ಒಂದು ದೂರಿನ ಹಾಡಿಗೆ ಅವ್ರು 1952ರಲ್ಲಿ ಉತ್ತರ ಕೊಟ್ಟು ಹಾಡಿದ್ರು, ಹೆಣ್ಣು ದಾರಿ ತಪ್ಪಿದ್ರೆ ಅದ್ರಲ್ಲಿ ಮೋಸ ಮಾಡಿದ ಗಂಡಸಿನ ಪಾಲೇನು ಅಂತ. ಅಮೆರಿಕದ ಬಿಲ್‌ಬೋರ್ಡ್ ಪತ್ರಿಕೆಯ ಕಂಟ್ರಿ ಚಾರ್ಟಲ್ಲಿ ನಂಬರ್ ಒನ್ ಬಂದ ಮೊದಲ ಸೋಲೋ ಗಾಯಕಿ ಅವ್ರು.

ಏನಿದೆ ಅನ್ನೋದರ ಜೊತೆಗೆ ಏನಿಲ್ಲ ಅನ್ನೋದನ್ನೂ ಕೇಳಿ. 1950ರ ದಶಕದ ಕೊನೇಲಿ ರಾಕ್ ಅಂಡ್ ರೋಲ್ ಹೊಡೆತಕ್ಕೆ ಕಂಟ್ರಿ ರೆಕಾರ್ಡ್ ಹೋಗೋದು ಕಮ್ಮಿ ಆದಾಗ ಚೆಟ್ ಆಟ್ಕಿನ್ಸ್, ಓವನ್ ಬ್ರಾಡ್ಲಿ ಥರದ ಪ್ರೊಡ್ಯೂಸರ್‌ಗಳು ಫಿಡಲ್, ಸ್ಟೀಲ್ ಹಿಂದೆ ಸರ್ಸಿ ನುಣುಪಾದ ವಯಲಿನ್ ಮೇಳ, ಹಿಂದೆ ಹಾಡೋ ಗುಂಪು ತಂದ್ರು, ಅದಕ್ಕೆ ನ್ಯಾಶ್‌ವಿಲ್ ಸೌಂಡ್ ಅಂತಾರೆ. ಪ್ಯಾಟ್ಸಿ ಕ್ಲೈನ್ 1961ರಲ್ಲಿ ಹಾಡಿದ್ದೆಲ್ಲ ಆ ಕಾಲದ್ದೇ. ಹಾಡು ಅದ್ಭುತ, ಅದ್ರಲ್ಲಿ ಎರಡು ಮಾತಿಲ್ಲ, ಆದ್ರೆ ಸಾಂಪ್ರದಾಯಿಕ ಅಂತ ನಾನು ಅದನ್ನ ಲೆಕ್ಕಕ್ಕೆ ಹಿಡಿಯಲ್ಲ. ಹಾಗಂತ ಕರೆಂಟ್ ಗಿಟಾರ್ ಬಂದ ತಕ್ಷಣ ಸಂಪ್ರದಾಯ ಹೋಯ್ತು ಅಂತಾನೂ ಅಲ್ಲ. ಕ್ಯಾಲಿಫೋರ್ನಿಯಾದ ಬೇಕರ್ಸ್‌ಫೀಲ್ಡ್‌ನಲ್ಲಿ ಬಕ್ ಓವನ್ಸ್, ಮರ್ಲ್ ಹ್ಯಾಗರ್ಡ್ ಟೆಲಿಕ್ಯಾಸ್ಟರ್ ಅನ್ನೋ ಕರೆಂಟ್ ಗಿಟಾರ್ ಜೋರಾಗಿ ಬಾರ್ಸಿಯೇ ಹಳೇ ದಾರಿ ಉಳ್ಸಿದ್ರು. ಬರಗಾಲದ ಹೊತ್ತಲ್ಲಿ ಓಕ್ಲಹೋಮಾದಂಥ ಕಡೆಯಿಂದ ಗುಳೆ ಬಂದ ಜನರ ಊರದು, ಹ್ಯಾಗರ್ಡ್ ಅವ್ರ ಅಪ್ಪ ಅಮ್ಮನೂ ಹಾಗೇ ಬಂದೋರು, ಅವ್ರ ಹಾಡಲ್ಲಿರೋ ದುಡಿಮೆ ಬಡತನ ಮನೇದೇ.

ಕಿವಿ ಪಳಗ್ಬೇಕು ಅಂದ್ರೆ ಒಂದು ಕ್ರಮದಲ್ಲಿ ಕೇಳಿ. ಮೊದ್ಲು 1927ರ ಬ್ರಿಸ್ಟಲ್ ರೆಕಾರ್ಡಿಂಗ್‌ಗಳು, ಹಳೇ ರೆಕಾರ್ಡಿನ ಸರಸರ ಸದ್ದು ಇರತ್ತೆ, ಸಹಿಸ್ಕೊಳ್ಳಿ. ಆಮೇಲೆ ಹ್ಯಾಂಕ್ ವಿಲಿಯಮ್ಸ್. ಆಮೇಲೆ 1956ರ ರೇ ಪ್ರೈಸ್ ಹಾಡು "ಕ್ರೇಜಿ ಆರ್ಮ್ಸ್", ಅಲ್ಲಿ ಬೇಸ್ ನಡ್ಕೊಂಡು ಹೋಗೋ ಶಫಲ್ ತಾಳ ಸಿಗತ್ತೆ, ಕಾಲು ತಾನಾಗೇ ಆಡತ್ತೆ. 1980ರ ಜಾರ್ಜ್ ಜೋನ್ಸ್ ಹಾಡು "ಹಿ ಸ್ಟಾಪ್ಡ್ ಲವಿಂಗ್ ಹರ್ ಟುಡೇ" ಮಾತ್ರ ಒಬ್ರೇ ಇದ್ದಾಗ ಕೇಳಿ, ಒಬ್ಬ ಸಾಯೋ ತನಕ ಪ್ರೀತಿ ಬಿಡದಿದ್ದ ಕಥೆ ಅದು. ಅಲ್ಲಿ ವಯಲಿನ್ ಮೇಳಾನೂ ಇದೆ, ಆದ್ರೂ ಆ ಗಂಟಲು, ಆ ಕಥೆ ಹಾಡನ್ನ ಈ ಕಡೆಗೇ ಎಳೆಯತ್ತೆ ಅಂತ ನನ್ನ ಅಭಿಪ್ರಾಯ. 1986ರ ರ‍್ಯಾಂಡಿ ಟ್ರಾವಿಸ್‌ಗೆ ಬರೋ ಹೊತ್ತಿಗೆ ಹಳೇದು ಮತ್ತೆ ವಾಪಸ್ ಬಂದಿದ್ದು ಕೇಳ್ಸತ್ತೆ.

ಇನ್ನು ಈ ವರ್ಷ ಬಂದ ಹೊಸ ಹಾಡೊಂದನ್ನ ತೂಗ್ಬೇಕು ಅಂದ್ರೆ, ಮೊದಲ ಚರಣ ಕೇಳುವಾಗ ಡ್ರಮ್ ಮನುಷ್ಯ ಬಾರ್ಸಿದ್ದಾ ಕಂಪ್ಯೂಟರ್‌ದಾ ನೋಡಿ, ಎರಡನೇದ್ರಲ್ಲಿ ಸ್ಟೀಲ್ ಅಥವಾ ಫಿಡಲ್ ಗಾಯಕರಿಗೆ ಉತ್ತರ ಕೊಡ್ತಿದ್ಯಾ ಇಲ್ಲಾ ದೂರದಲ್ಲೆಲ್ಲೋ ಅಲಂಕಾರಕ್ಕೆ ಇದ್ಯಾ ಗಮನಿಸಿ, ಮುಗಿದ ಮೇಲೆ ಆ ಹಾಡಿನ ಕಥೇನ ಪಕ್ಕದಲ್ಲಿರೋರಿಗೆ ಎರಡು ವಾಕ್ಯದಲ್ಲಿ ಹೇಳೋಕಾಗತ್ತಾ ಪ್ರಯತ್ನ ಮಾಡಿ. ಆ್ಯಪಲ್ಲಿ ಕ್ರೆಡಿಟ್ಸ್ ತೆಗೆದ್ರೆ ಸ್ಟೀಲ್ ಯಾರು ನುಡಿಸಿದ್ದು ಅಂತ ಎಷ್ಟೋ ಸಲ ಹೆಸರು ಸಿಗತ್ತೆ, ಆ ಹೆಸರಿಂದಾನೇ ಮುಂದಿನ ಹಾಡು ಹುಡ್ಕಿ.