ಶೇಂಗಾ ಎಣ್ಣೆಗೆ ಬಾಟಲಿ ಆರಿಸುವ ಬಗೆ

ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯಂಥ ಎಣ್ಣೆಯ ಊರಿನಲ್ಲಿ ಸಣ್ಣ ಗಾಣ ನಡೆಸುವವರು ಬಾಟಲಿಯ ಖರೀದಿ ದರವನ್ನಷ್ಟೇ ನೋಡದೆ, ಅದರ ತೂಕ, ಸಾಗಣೆಯಲ್ಲಿ ಒಡೆಯುವ ಸಂಭವ, ಖಾಲಿಯಾದ ಮೇಲೆ ಗುಜರಿಯವರು ಅದನ್ನು ಕೊಳ್ಳುತ್ತಾರೆಯೇ ಎಂಬುದನ್ನೂ ಸೇರಿಸಿ ಲೆಕ್ಕ ಹಾಕಬೇಕು. ಗಾಜನ್ನು ಎಷ್ಟು ಸಲವಾದರೂ ಕರಗಿಸಬಹುದು. ಆದರೆ ಅದರ ಭಾರ ಸಾಗಣೆ ವೆಚ್ಚವನ್ನು ಏರಿಸುವುದರಿಂದ, ಖಾಲಿ ಬಾಟಲಿಯನ್ನು ಹಿಂದಕ್ಕೆ ಪಡೆದು ತೊಳೆದು ತುಂಬುವ ಸ್ಥಳೀಯ ಮಾರಾಟಕ್ಕೆ ಮಾತ್ರ ಅದು ಒಪ್ಪುತ್ತದೆ. 1 ಲೀಟರಿನವರೆಗೆ ಬಣ್ಣವಿಲ್ಲದ ಪೆಟ್ ಬಾಟಲಿಯೇ ಸೂಕ್ತವೆಂಬುದು ನನ್ನ ಖಚಿತ ಅಭಿಪ್ರಾಯ. ತಳದ ತ್ರಿಕೋನದಲ್ಲಿ 1 ಎಂಬ ಅಂಕಿಯಿರುವ ಈ ಪ್ಲಾಸ್ಟಿಕ್ ಹಗುರವಾಗಿದ್ದು, ಬಣ್ಣದ್ದಕ್ಕಿಂತ ಸುಲಭವಾಗಿ ಮರುಬಳಕೆಗೆ ಹೋಗುತ್ತದೆ. ಬೆಳಕಿಗೆ ಎಣ್ಣೆ ಕಮಟು ಹಿಡಿಯದಂತೆ ರಟ್ಟಿನ ಪೆಟ್ಟಿಗೆಯಲ್ಲಿಟ್ಟು ಕಳಿಸಿ.

ಬಹಳ ಜನ ಗಮನಿಸದಿರುವುದು ಲೇಬಲ್. ಮರುಬಳಕೆ ಘಟಕದಲ್ಲಿ ಬಾಟಲಿಯ ಚೂರುಗಳನ್ನು ನೀರಿಗೆ ಹಾಕಿದಾಗ ಪೆಟ್ ಮುಳುಗುತ್ತದೆ, ಪಾಲಿಪ್ರೊಪಿಲೀನ್ ಎಂಬ ಹಗುರ ಪ್ಲಾಸ್ಟಿಕ್ಕಿನ ಮುಚ್ಚಳ ಮತ್ತು ಲೇಬಲ್ಲಿನ ಚೂರುಗಳು ತೇಲಿ ಬೇರ್ಪಡುತ್ತವೆ. ಪಿವಿಸಿ ಎಂಬ ಇನ್ನೊಂದು ಪ್ಲಾಸ್ಟಿಕ್ಕಿನ ಲೇಬಲ್ ಹೊದಿಕೆಯಾದರೋ ಪೆಟ್‌ನೊಡನೆಯೇ ಮುಳುಗಿ, ಕರಗಿಸುವಾಗ ಆಮ್ಲ ಬಿಟ್ಟು ಇಡೀ ರಾಶಿಯ ಗುಣ ಕೆಡಿಸುತ್ತದೆ. ಆದ್ದರಿಂದ ಪಿವಿಸಿ ಬೇಡವೆಂದು ಲೇಬಲ್ ಮುದ್ರಿಸುವವರಿಗೆ ದಯವಿಟ್ಟು ಬರೆದೇ ಕೊಡಿ.

ಅಗ್ಗದ ಪೌಚ್‌ನಲ್ಲೇ ಮಾರಬೇಕಿದ್ದರೆ, ಬೇರೆ ಬೇರೆ ಜಾತಿಯ ಪ್ಲಾಸ್ಟಿಕ್ ಪದರಗಳನ್ನು ಮರುಬಳಕೆಗೆ ಬಿಡಿಸುವುದು ಕಷ್ಟವಾದ್ದರಿಂದ, ನೈಲಾನ್ ಸೇರಿಸದ ಪಾಲಿಎಥಿಲೀನ್ ಪೌಚ್ ಕೇಳಿ. ಸೋರಿಕೆಯನ್ನು ಮೊದಲು ಕೆಲವೇ ಪೌಚ್ ತುಂಬಿ ಪರೀಕ್ಷಿಸಿ.