ತಂಬೂರಿಗೆ ಜೀವಾಳ ಕೂರಿಸೋದು: ನನ್ನ ಅನುಭವ

ತಂಬೂರಿ ನಾದ ಸರಿಯಿಲ್ಲ ಅಂದ್ರೆ ಎಲ್ರೂ ಮೊದ್ಲು ಬೈಯೋದು ಮರನ. ಹಲಸಿಂದಾ, ಹಳೇ ಮರನಾ ಅಂತ ಶುರು ಹಚ್ಕೋತಾರೆ. ಮರ ಚೆನ್ನಾಗಿರ್ಬೇಕು ನಿಜ, ಆದ್ರೆ ಹಾಸನದಲ್ಲಿ ಮಕ್ಕಳಿಗೆ ಪಾಠ ಹೇಳ್ಕೊಂಡು ನನ್ನ ತಂಬೂರಿ ನಾನೇ ನೋಡ್ಕೊಳೋನು ನಾನು, ಕೇಳಿದ್ರೆ ಕುದುರೆ ಕಡೆ, ಅಂದ್ರೆ ಬುರುಡೆ ಮೇಲೆ ತಂತಿಗಳ್ನ ಹೊತ್ತು ಕೂತಿರೋ ತುಂಡಿನ ಕಡೆ ಕೈ ತೋರಿಸ್ತೀನಿ.

ಕುದುರೆ ಬೆನ್ನು ಚೂರೇ ಚೂರು ಬಾಗಿರತ್ತೆ. ಅದರ ಮೇಲೆ ತಂತಿ ಅಡಿಗೆ ಹತ್ತಿ ದಾರ ಇಟ್ರೆ (ಇದೇ ಜೀವಾಳ) ತಂತಿ ಕೂದಲೆಳೆಯಷ್ಟು ಏಳತ್ತೆ, ಮೀಟಿದಾಗ ಆ ಬೆನ್ನಿಗೆ ತಾಗ್ತಾ ಬಿಡ್ತಾ ಇರತ್ತೆ, ಝೇಂಕಾರ ಬರೋದು ಅಲ್ಲಿಂದ. ನಾನು ಮೊದ್ಲು ಪಂಚಮ, ಸಾರಣಿ, ಅನುಸಾರಣಿ, ಮಂದ್ರ ಅನ್ನೋ ನಾಲ್ಕೂ ತಂತಿನ ಶ್ರುತಿಗೆ ತರ್ತೀನಿ, ಆಮೇಲೆ ಒಂದು ಕೈಲಿ ಮೀಟ್ತಾ ಇನ್ನೊಂದು ಕೈಲಿ ದಾರನ ಹಿಂದೆ ಮುಂದೆ ಜಾರಿಸ್ತೀನಿ, ಒಂದು ಕಡೆ ಬಂದ್ರೆ ಡಬ್ಬ ಬಡಿದಂಗೆ ಮಂಕು, ಇನ್ನೊಂದು ಕಡೆ ಹೋದ್ರೆ ಕರಕರ, ನಡುವೆ ಎಲ್ಲೋ ಥಟ್ ಅಂತ ನಾದ ಬಿಚ್ಕೊಳತ್ತೆ. ಅಲ್ಲಿ ನಿಲ್ಲಿಸಿ, ಶ್ರುತಿ ಒಂಚೂರು ಆಚೀಚೆ ಆಗಿರತ್ತಲ್ಲ, ಅದನ್ನ ತಂತಿಗೆ ಪೋಣಿಸಿರೋ ಮಣಿ ಜರುಗಿಸಿ ಸರಿ ಮಾಡಿದ್ರಾಯ್ತು. ಮಂದ್ರದ ತಂತೀಲಿ ಅಂತರ ಗಾಂಧಾರ, ಅಂದ್ರೆ ಯಾವ ತಂತಿಗೂ ಶ್ರುತಿ ಮಾಡದ ‘ಗ’ ಸ್ವರ, ತಾನಾಗೇ ಕೇಳೋವರೆಗೂ ನಾನಂತೂ ಬಿಡಲ್ಲ.

ಒಂದು ಪರೀಕ್ಷೆ ಇದೆ, ಮಾಡಿ ನೋಡಿ. ಸಾರಣಿ ತಂತಿನ ಸರಿಯಾಗಿ ಮಧ್ಯದಲ್ಲಿ ಮೀಟಿ, ತಕ್ಷಣ ಅದೇ ಜಾಗನ ಬೆರಳಲ್ಲಿ ಹಗುರಕ್ಕೆ ಮುಟ್ಟಿ. ಮೀಟಿದ ಜಾಗದಲ್ಲಿ ಅಲುಗದೆ ನಿಲ್ಲೋ ಸ್ವರ ಹುಟ್ಟಲ್ಲ ಅನ್ನೋ ಹಳೇ ಲೆಕ್ಕದ ಪ್ರಕಾರ ಮಧ್ಯದಲ್ಲಿ ಮೀಟಿದ್ರೆ ಮೇಲಿನ ಷಡ್ಜ ಹುಟ್ಟಲೇಬಾರದು, ಮುಟ್ಟಿದ ಮೇಲೆ ತಂತಿ ಸುಮ್ನಾಗ್ಬೇಕು. ಜೀವಾಳ ಸರಿ ಕೂತಿದ್ರೆ ಆ ಷಡ್ಜ ಕೇಳ್ತಾನೇ ಇರತ್ತೆ! ವೀಣೆ, ತಂಬೂರಿ ಈ ನಿಯಮ ಪಾಲಿಸಲ್ಲ, ಅದಕ್ಕೆ ಕಾರಣ ಬಾಗಿದ ಕುದುರೆ ಅಂತ ಸಿ.ವಿ. ರಾಮನ್ 1921ರಲ್ಲೇ ಬರೆದಿದ್ದಾರೆ.

ಮೀಟೋದೂ ಅಷ್ಟೇ ಮುಖ್ಯ. ಪಂಚಮಕ್ಕೆ ಮಧ್ಯದ ಬೆರಳು, ಉಳಿದ ಮೂರಕ್ಕೆ ತೋರುಬೆರಳು, ಉಗುರು ತಾಗ್ಬಾರದು, ಸವರಿದಂಗಿರ್ಬೇಕು. ನಮ್ಮ ಮಕ್ಕಳು ಗಿಟಾರ್ ಥರ ಎಳೀತಾರೆ, ಏನ್ಮಾಡೋದು.

ನಮ್ಮ ಜಿಲ್ಲೇಲೇ ರುದ್ರಪಟ್ಟಣದಲ್ಲಿ ತಂಬೂರಿ ಆಕಾರದ ದೇವಸ್ಥಾನ ಇದೆ, ನೋಡಿದವ್ರೆಲ್ಲ ಫೋಟೋ ತೆಗೀತಾರೆ, ಮನೇಲಿರೋ ತಂಬೂರಿ ಮಾತ್ರ ಧೂಳು ಹಿಡ್ದು ಮೂಲೇಲಿ. ಎಲೆಕ್ಟ್ರಾನಿಕ್ ಶ್ರುತಿ ಪೆಟ್ಟಿಗೆ ಇದ್ಯಲ್ಲ ಅಂತಾರೆ, ಇರ್ಲಿ ಬಿಡಿ.

ಮಳೆಗಾಲದಲ್ಲಿ ಕಷ್ಟ ಜಾಸ್ತಿ. ತೇವಕ್ಕೆ ಮರ ಉಬ್ಬತ್ತೆ, ತಂತಿ ಬಿಗಿಯೋ ಬಿರಡೆ ತಿರುಗಲ್ಲ, ದಾರ ಮೆತ್ತಗಾಗಿ ಚಪ್ಪಟೆ ಆಗತ್ತೆ. ಆಗ ತಪ್ಪು ಕುದುರೇದು ಅಂದ್ಕೊಂಡು ತಲೆ ಕೆಡಿಸ್ಕೋಬೇಡಿ, ಹೊಸ ದಾರ ಹಾಕಿ. ಅದಕ್ಕೂ ನಾದ ಬರ್ಲಿಲ್ಲ ಅಂದ್ರೆ ತಂತಿ ಎತ್ತಿ ಕುದುರೆ ಬೆನ್ನ ಮೇಲೆ ಉಗುರಾಡಿಸಿ ನೋಡಿ, ಗೆರೆ ಬಿದ್ದಿದ್ರೆ ಉಗುರು ಸಿಕ್ಕಾಕೊಳತ್ತೆ. ಅದನ್ನ ಉಜ್ಜಿ ಮತ್ತೆ ಬಾಗು ತರೋದು ಕೆಲಸ ಗೊತ್ತಿರೋರೇ ಮಾಡ್ಬೇಕು, ಉಪ್ಪುಕಾಗದ ಹಿಡ್ಕೊಂಡು ನೀವೇ ಕೂರ್ಬೇಡಿ.